ಮೂರನೇ ಸೂಜಿ

"ಲೇ ಮುಂಡೇದೆ, ಕೈಗೇನು ಲಕ್ವ ಹೊಡೆದಿದೆಯಾ? ಇಡೀ ಕಟ್ಟು ನೆಲಕ್ಕೆ ಹಾಕಿದೀಯಲ್ಲ! ಇದರಲ್ಲಿ ಒಂದು ಹೂವಿಗಿರೋ ಬೆಲೆ ನಿನಗಿಲ್ಲ, ಗೊತ್ತಾ?"

ಶೆಡ್ಡಿನ ಉಸ್ತುವಾರಿ ಇಂಜಿನಿಯರ್ ಬಾಲ್ಸೆಕಾ ಕೂಗುವಷ್ಟರಲ್ಲಿ ಮಕ್ರೀನಾ ಆಗಲೇ ಮೊಣಕಾಲೂರಿ ಕೂತು ಎಡಗೈಯಲ್ಲಿ ಗುಲಾಬಿಗಳನ್ನು ಆಯುತ್ತಿದ್ದಳು. ಬಲಗೈ ತೊಡೆಯ ಮೇಲೆ ಬಿದ್ದುಕೊಂಡಿತ್ತು. ಬೆರಳಿಗೆ ಮುಳ್ಳು ಚುಚ್ಚಿ ರಕ್ತ ಬಂದರೂ ಅವಳು ಅದನ್ನು ಬಾಯಿಗೆ ಇಡಲಿಲ್ಲ, ಏಪ್ರನ್ನಿಗೆ ಒರೆಸಿಕೊಂಡಳು.

"ಕ್ಷಮಿಸಿ ಇಂಜಿನಿಯರ್ರೇ. ಜಾರ್ತು."

"ಜಾರ್ತಂತೆ! ಗುಡ್ಡದಿಂದ ಇಳಿದು ಬಂದಿರೋ ನಿಮಗೆ ಆಲೂಗಡ್ಡೆ ಅಗೆಯೋದೇ ಸರಿ. ಪ್ರೇಮಿಗಳ ದಿನಕ್ಕೆ ಹದಿನೈದು ದಿನ ಇದೆ. ಕೈ ಎತ್ತೋಕಾಗದವರು ಈಗಲೇ ಹೇಳಿ, ಗೇಟಿನ ಹೊರಗೆ ನೂರು ಜನ ಕಾಯ್ತಿದಾರೆ."

ಕಯಾಂಬೆ ಎಂಬ ಹಿಮದ ಬೆಟ್ಟದ ಕೆಳಗಿನ ಆ ಹೂದೋಟದ ಶೆಡ್ಡಿನಲ್ಲಿ ಎಂಬತ್ತು ಹೆಂಗಸರಿದ್ದರು. ಎಂಬತ್ತೂ ತಲೆಗಳು ಬಗ್ಗಿಯೇ ಇದ್ದವು. ರೇಡಿಯೊ ಮಾತ್ರ ಪ್ರೇಮಗೀತೆ ಹಾಡುತ್ತಿತ್ತು.

ಹೂವಿನ ಕೆಲಸ ಎಂದರೆ ಹಗುರ ಎಂದು ಪಟ್ಟಣದ ಜನ ತಿಳಿದಿದ್ದಾರೆ. ತಿಳಿದುಕೊಳ್ಳಲಿ, ಅವರ ಮನೆಗೆ ಬರುವುದು ಹೂವು ತಾನೆ. ಇಲ್ಲಿ ದಂಟಿನ ಮುಳ್ಳು ಸವರಬೇಕು, ಉದ್ದ ಅಳೆಯಬೇಕು, ಇಪ್ಪತ್ತೈದನ್ನು ಸೇರಿಸಿ ರಟ್ಟು ಸುತ್ತಬೇಕು. ಆಮೇಲೆ ಆ ಕಟ್ಟನ್ನು ತಲೆಗಿಂತ ಮೇಲೆ ಓಡುವ ತಂತಿಯ ಕೊಂಡಿಗೆ ಸಿಕ್ಕಿಸಬೇಕು. ಮಕ್ರೀನಾ ಹನ್ನೆರಡು ವರ್ಷ ಸಿಕ್ಕಿಸಿದ್ದಳು. ಈಗ ಅವಳ ಬಲಗೈ ಕಿವಿಯ ಮಟ್ಟಕ್ಕೂ ಏರುತ್ತಿರಲಿಲ್ಲ. ಜಡೆಯನ್ನು ಕೆಂಪು ಪಟ್ಟಿ ಸುತ್ತಿ ಕಟ್ಟುವುದು ಆ ಗುಡ್ಡದ ಹೆಂಗಸರ ಪದ್ಧತಿ. ಮೂವತ್ತೆಂಟು ವರ್ಷದ ಹೆಂಗಸಿಗೆ ಅವಳ ಮುದಿ ತಾಯಿ ದಿನಾ ಬೆಳಿಗ್ಗೆ ಜಡೆ ಹಾಕಿ ಕಳಿಸುತ್ತಿದ್ದಳು.

ಬಾಲ್ಸೆಕಾ ಅತ್ತ ಹೋದ ಮೇಲೆ ಪಕ್ಕದ ಮೇಜಿನ ಸೊಯ್ಲಾ ತಲೆ ಎತ್ತದೆಯೇ ಪಿಸುಗುಟ್ಟಿದಳು. "ಹಲ್ಕಟ್ ನನ್ಮಗ. ಗುರುವಾರ ಆಗ್ಲಿ, ನೋಡ್ಕೊಳಾನ."

ಗುರುವಾರಕ್ಕಾಗಿ ಮಕ್ರೀನಾ ಏಳು ತಿಂಗಳು ಕಾದಿದ್ದಳು. ಅರ್ಜಿ ಬರೆಸಿ, ಹೆಬ್ಬೆಟ್ಟು ಒತ್ತಿ, ಅಲೆದು ಅಲೆದು, ಕೊನೆಗೆ ರಾಜಧಾನಿ ಕೀಟೋದಿಂದ ಕರೆ ಬಂದಿತ್ತು. ಕೂಲಿಕಾರರ ಸರ್ಕಾರಿ ವಿಮೆಯ ಡಾಕ್ಟರು ಅವಳ ಭುಜವನ್ನು ಪರೀಕ್ಷೆ ಮಾಡುತ್ತಾರೆ. ಈ ಕೈ ಕೆಟ್ಟಿದ್ದು ತೋಟದ ಕೆಲಸದಿಂದ ಎಂದು ಅವರು ಬರೆದುಬಿಟ್ಟರೆ, ತೋಟದವರು ಅವಳಿಗೆ ಕೂತು ಚೀಟಿ ಅಂಟಿಸುವ ಕೆಲಸ ಕೊಡಬೇಕು, ಕೈಗೆ ಔಷಧಿ ಮಾಡಿಸಬೇಕು. ಬರೆಯದಿದ್ದರೆ ಹಂಗಾಮು ಮುಗಿದ ಮೇಲೆ ಗೇಟಿನ ಹೊರಗೆ, ಒಂದೇ ಕೈಯಲ್ಲಿ.

ಮಂಗಳವಾರ ತೋಟದ ಡಾಕ್ಟರ್ ಮೊಂಕಾಯೊ ಅವಳನ್ನು ಕರೆಸಿದ. ಅವಳಿಗಿಂತ ಹತ್ತು ವರ್ಷ ಚಿಕ್ಕವನು, ಆದರೂ ಎಲ್ಲರನ್ನೂ ಮಗಳೇ ಎನ್ನುತ್ತಿದ್ದ.

"ಬಾ ಮಗಳೇ, ಕೂತ್ಕೊ. ಗುರುವಾರ ಕೀಟೋಗೆ ಹೋಗ್ತೀಯಂತೆ. ರಜೆ ಚೀಟಿ ಬರೆದಿಟ್ಟಿದೀನಿ, ತಗೋ."

ಕೇಳದೆಯೇ ರಜೆ ಸಿಕ್ಕಿದ್ದು ಹನ್ನೆರಡು ವರ್ಷದಲ್ಲಿ ಅದೇ ಮೊದಲು. ಮಕ್ರೀನಾ ಚೀಟಿಯನ್ನು ಮಡಿಸಿ ರವಿಕೆಯೊಳಗೆ ಇಟ್ಟುಕೊಂಡಳು. ಅವನು ಅವಳ ಭುಜವನ್ನು ಹೆಬ್ಬೆರಳಿನಿಂದ ಒತ್ತಿದ. ಅವಳ ಕಣ್ಣಲ್ಲಿ ನೀರು ತುಂಬಿತು. ಬಾಯಿಂದ ಸದ್ದು ಮಾತ್ರ ಬರಲಿಲ್ಲ.

"ಅಯ್ಯೋ ಪಾಪ. ಈ ನೋವಿಟ್ಕೊಂಡು ಎರಡು ಗಂಟೆ ಬಸ್ಸಲ್ಲಿ ಕುಲುಕಾಡ್ತಾ ಹೋಗ್ತೀಯಾ? ಒಂದು ಸೂಜಿ ಹಾಕಿಬಿಡ್ತೀನಿ. ಹಿಂದೆ ಎರಡು ಸಲ ಹಾಕಿದ್ನಲ್ಲ, ಎಷ್ಟು ಆರಾಮಾಯ್ತು?"

ಆರಾಮಾಗಿತ್ತು, ಅದರಲ್ಲಿ ಸುಳ್ಳಿಲ್ಲ. ಹಾಲಿನಂಥ ಬಿಳಿ ಮದ್ದು. ಮೊದಲನೆಯ ಸೂಜಿಗೆ ಎರಡು ತಿಂಗಳು ನೋವೇ ಇರಲಿಲ್ಲ, ಎರಡನೆಯದಕ್ಕೆ ಮೂರು ವಾರ. ನೋವಿಲ್ಲದ ಆ ದಿನಗಳಲ್ಲಿ ಅವಳು ಎಲ್ಲರಿಗಿಂತ ಹೆಚ್ಚು ಕಟ್ಟು ಮಾಡಿದ್ದಳು. ಮದ್ದು ಇಳಿದಾಗ ನೋವು ಮೊದಲಿಗಿಂತ ಆಳಕ್ಕೆ ಇಳಿದಿತ್ತು. ಸೊಯ್ಲಾಳ ಅಕ್ಕನಿಗೂ ಹೀಗೇ. ಮೂರನೆಯ ಸೂಜಿ ಆದ ಹದಿನೈದು ದಿನಕ್ಕೆ ಹೂವಿನ ಬಕೆಟ್ ಎತ್ತುವಾಗ ಭುಜದೊಳಗೆ ಏನೋ ಹರಿದು, ಕೈ ಪಕ್ಕಕ್ಕೆ ಜೋತುಬಿತ್ತು. ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟಳೆಂದು ತೋಟದವರು ಅವಳ ಎಡಗೈಯ ಹೆಬ್ಬೆಟ್ಟು ಒತ್ತಿಸಿಕೊಂಡರು.

"ಯೋಚ್ನೆ ಮಾಡಿ ಯೋಳ್ತೀನಿ ಸ್ವಾಮಿ."

"ಯೋಚನೆನಾ?" ಮೊಂಕಾಯೊ ನಕ್ಕ. "ಸರಿ, ಮಾಡು ಮಾಡು. ನಾಳೆ ಬೆಳಿಗ್ಗೆ ಬಾ."

ಹೊರಗೆ ಬಂದಾಗ ಸೊಯ್ಲಾ ಖಡಾಖಂಡಿತವಾಗಿ ಹೇಳಿದಳು. "ಬ್ಯಾಡ ಕಣೆ. ನಮ್ಮಕ್ಕನ್ನ ನೋಡಿಲ್ವಾ? ಸೊಪ್ಪು ಹಚ್ಕೊ, ಹಲ್ಲು ಕಚ್ಕೊ, ಏನಾರ ಮಾಡು. ಆ ಬಿಳೀ ಮದ್ದು ಮಾತ್ರ ಬ್ಯಾಡ."

ಮನೆಯಲ್ಲಿ ಅವ್ವ ಒಲೆಯ ಸುತ್ತ ಓಡಾಡುವ ಕುಯ್‌ಗಳಲ್ಲಿ ಕರಿ ಬಣ್ಣದ್ದೊಂದನ್ನು ಹಿಡಿದು ಕಾಯುತ್ತಿದ್ದಳು. ಕುಯ್ ಎಂದರೆ ಅಂಗೈಗಿಂತ ಸ್ವಲ್ಪ ದೊಡ್ಡದಾದ, ಇಲಿ ಜಾತಿಯ, ಬಾಲವಿಲ್ಲದ ಪ್ರಾಣಿ. ಹಬ್ಬಕ್ಕೆ ಅದೇ ಊಟ, ಕಾಯಿಲೆಗೆ ಅದೇ ವೈದ್ಯ. ಕಾಯಿಲೆಯವರ ಮೈಮೇಲೆಲ್ಲ ಅದನ್ನು ಉಜ್ಜಿದರೆ ಅದು ಸಾಯುತ್ತದೆ. ಚರ್ಮ ಸುಲಿದು ನೋಡಿದರೆ, ಇವರಿಗೆ ಎಲ್ಲಿ ಕೆಟ್ಟಿದೆಯೋ ಅದಕ್ಕೂ ಅಲ್ಲೇ ಕೆಟ್ಟಿರುತ್ತದೆ.

ಬಿಸಿಲು ಇಳಿಯುವ ಹೊತ್ತಿಗೆ ಅವ್ವ ಮಗಳ ರವಿಕೆ ಬಿಚ್ಚಿಸಿ, ಏನೇನೋ ಗೊಣಗುತ್ತ ಉಜ್ಜಿದಳು. ಕುಯ್ ಕೀಚ್ ಕೀಚ್ ಎಂದು ಅರಚಿತು. ಭುಜಕ್ಕೆ ಬಂದಾಗ ಸದ್ದು ನಿಂತಿತು. ಅವ್ವ ಬೋಗುಣಿಯ ನೀರಿನಲ್ಲಿ ಅದನ್ನಿಟ್ಟು ಚರ್ಮ ಸುಲಿದಳು. ಅದರ ಬಲ ಭುಜದಲ್ಲಿ ರಕ್ತ ಹೆಪ್ಪುಗಟ್ಟಿ, ಎಳೆ ಎಳೆಯಾಗಿ ಬಿಟ್ಟುಕೊಂಡಿತ್ತು.

"ಇಕಾ, ಇಲ್ಲೈತೆ ನೋಡು. ನರ ಹರ್ಕೊಂತಾ ಐತೆ ಮಗಾ."

"ಸೂಜಿ ಹಾಕುಸ್ಕೊಳ್ಳಾ ಬ್ಯಾಡ್ವಾ ಅವ್ವಾ? ಸೊಯ್ಲಾ ಬ್ಯಾಡ ಅಂತಾಳೆ."

ಅವ್ವ ಕೈ ತೊಳೆದುಕೊಂಡು ಬೋಗುಣಿ ಪಕ್ಕಕ್ಕಿಟ್ಟಳು. ಆಮೇಲೆ ಹೇಳಿದಳು. "ಹಾಕುಸ್ಕೊ."

"ಕೈ ಹೋದ್ರೆ?"

"ದೊಡ್ಡೋರ ಮುಂದೆ ಹೋಯ್ತಿದ್ದೀಯ. ಅಯ್ಯೋ ಅಪ್ಪಾ ಅಂತ ಮುಖ ಕಿವುಚ್ಕೊಂಡು ನಿಂತ್ರೆ ಗೇಯಕ್ಕಾಗ್ದ ಸೋಂಬೇರಿ ಅಂತಾರೆ. ನಮ್ಮಪ್ಪಂಗೆ ದಣಿಗಳ ಮನೆ ಅಂಗಳದಾಗೆ ಚಾಟೀಲಿ ಹೊಡೆದ್ರು. ನಾನು ಕಂಬದ ಹಿಂದೆ ನಿಂತು ನೋಡ್ತಿದ್ದೆ. ಒಂದ್ ಸದ್ದು ಮಾಡ್ಲಿಲ್ಲ ನಮ್ಮಪ್ಪ. ಅದುಕ್ಕೇ ದಣಿ ಮೆಚ್ಕೊಂಡು ಈ ತುಂಡು ನೆಲ ಬುಟ್ಟಿದ್ದು. ಸೆಟೆದು ನಿಂತ್ಕೊ. ಅವರೇ ನೋಡಿ ಬರೀತಾರೆ, ಡಾಕ್ಟ್ರಲ್ವಾ?"

ಮಕ್ರೀನಾಗೂ ಅದೇ ಸರಿ ಎನಿಸಿತು. ನಿದ್ದೆಯಿಲ್ಲದೆ ಒಂಬತ್ತು ದಿನಗಳಾಗಿದ್ದವು, ನೋವಿನಲ್ಲಿ ಯಾರ ಮಾತಾದರೂ ಸರಿ ಎನಿಸುತ್ತಿತ್ತು. ಬುಧವಾರ ಬೆಳಿಗ್ಗೆ ಹೋಗಿ ಭುಜ ತೋರಿಸಿದಳು. ಮೊಂಕಾಯೊ ಸೂಜಿ ಚುಚ್ಚಿ, ಹತ್ತಿ ಇಟ್ಟು, ಹೋಗಿ ಬಾ ಮಗಳೇ, ಒಳ್ಳೆಯದಾಗಲಿ ಎಂದು ಹರಸಿದ. ಮನಸಾರೆ ಹರಸಿದ್ದಿರಬೇಕು. ಮುಖ ಅಷ್ಟು ಸಂತೋಷವಾಗಿತ್ತು.

ಗುರುವಾರ ಅವ್ವ ನಸುಕಿನಲ್ಲೇ ಎದ್ದು ನೀರು ಕಾಯಿಸಿ ಮಗಳಿಗೆ ಸ್ನಾನ ಮಾಡಿಸಿದಳು. ಮದುವೆಯ ಕಸೂತಿ ರವಿಕೆ ತೊಡಿಸಿ, ಜಡೆಗೆ ಹೊಸ ಪಟ್ಟಿ ಬಿಗಿದು ಕಳಿಸಿದಳು.

ಕೀಟೋದ ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. "ಏನಮ್ಮಾ, ಮದುವೆಗೆ ಹೊರಟಿದೀಯಾ? ಕೈ ಎತ್ತು."

ಮಕ್ರೀನಾ ಕೈ ಎತ್ತಿದಳು. ಕೈ ಏರಿತು. ಕಿವಿ ದಾಟಿ, ತಲೆ ದಾಟಿ, ಬೇರೆ ಯಾರದೋ ಕೈಯಂತೆ ನೆಟ್ಟಗೆ ಸೂರಿನ ಕಡೆಗೆ ನಿಂತಿತು. ಅವಳೇ ಬೆಚ್ಚಿ ಅದನ್ನು ನೋಡಿದಳು.

"ಹಿಂದಕ್ಕೆ. ಪಕ್ಕಕ್ಕೆ. ನೋಯುತ್ತಾ?"

"ಇಲ್ಲ ಸ್ವಾಮಿ," ಎಂದಳು. ಯೋಚಿಸಿ ಹೇಳಿದ ಮಾತಲ್ಲ ಅದು. ಯಾರು ಕೇಳಿದರೂ, ಎಷ್ಟು ನೋವಿದ್ದರೂ, ಅವಳ ಬಾಯಿಂದ ಬರುತ್ತಿದ್ದ ಮಾತು ಅದೊಂದೇ.

ಡಾಕ್ಟರು ಬರೆಯತೊಡಗಿದರು. ಪೆನ್ನು ಓಡುವುದನ್ನು ಕಂಡ ಮೇಲೆ ಅವಳು ಮೇಜಿನ ಅಂಚು ಹಿಡಿದಳು. "ಸ್ವಾಮಿ, ನೋಯ್ತದೆ ಸ್ವಾಮಿ. ಈಗ ಇಲ್ಲ. ನಿನ್ನೆ ತೋಟದ ಡಾಕ್ಟ್ರು ಸೂಜಿ ಹಾಕವ್ರೆ, ಅದುಕ್ಕೆ."

"ಸೂಜಿನಾ?" ಅವರು ತೋಟದಿಂದ ಬಂದಿದ್ದ ಕಾಗದ ತಿರುವಿದರು. "ಯಾವ ಸೂಜಿನೂ ಇಲ್ವಲ್ಲ ಇಲ್ಲಿ. ಮನೇಲಿ ಬಟ್ಟೆ ಒಗೆದು, ಸೌದೆ ಹೊತ್ತು ಕೈ ನೋವು, ಮಾತ್ರೆ ಕೊಟ್ಟಿದೆ. ಅಷ್ಟೇ ಇರೋದು."

"ಮೂರು ಸೂಜಿ ಸ್ವಾಮಿ! ನರ ಹರ್ದೈತೆ. ನಮ್ಮವ್ವ ಕುಯ್ ಉಜ್ಜಿ ನೋಡಿದ್ಲು, ಅದರ ಭುಜದಾಗೆ ರಕ್ತ..."

ಡಾಕ್ಟರು ಪೆನ್ನು ಕೆಳಗಿಟ್ಟು ನರ್ಸಿನ ಮುಖ ನೋಡಿದರು. "ಕೇಳಿದ್ಯಾ? ಇಲಿ ಹೇಳಿದೆಯಂತೆ. ಇನ್ನು ನಾವ್ಯಾಕೆ ಓದಬೇಕಿತ್ತು!" ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಕಾಗದದ ಮೇಲೆ ಠಸ್ಸೆ ಬಿತ್ತು. ಕೆಲಸಕ್ಕೆ ಯೋಗ್ಯಳು.

ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಇದ್ದಳು. ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ಠಸ್ಸೆಯ ಮೇಲೆ ಬೆರಳಾಡಿಸಿದಳು. ಅವಳಿಗೆ ಓದು ಬರುತ್ತಿರಲಿಲ್ಲ.

"ಸೆಟೆದು ನಿಂತ್ಕೊಂಡ್ಯಾ ಮಗಾ?"

"ನಿಂತ್ಕೊಂಡೆ ಅವ್ವಾ."

"ನಾ ಯೋಳಿಲ್ವಾ!"

ಮಕ್ರೀನಾ ತಾಯಿಯನ್ನು ಮೆಟ್ಟಿಲ ಮೇಲೆ ಕೂರಿಸಿ, ಹಿಂದೆ ಕೂತು, ಅವಳ ಬಿಳಿ ಕೂದಲು ಬಿಚ್ಚಿ ಬಾಚಿದಳು. ಎರಡೂ ಕೈಯಿಂದ ಜಡೆ ಹೆಣೆದಳು. ವರ್ಷದಿಂದ ಆಗದ ಕೆಲಸ. ಅವ್ವ ಹಿಗ್ಗಿ ಹೋಗಿದ್ದಳು. "ನೋಡ್ದಾ, ಕೈ ವಾಸಿ ಆಗದೆ! ದೇವ್ರು ಕಣ್ ಬುಟ್ಟ." ಮಗಳು ಅಳುತ್ತಿರುವುದು ಹಿಂದಿನಿಂದ ಅವಳಿಗೆ ಕಾಣಲಿಲ್ಲ.

ಮೂರನೇ ಸೂಜಿ ಒಂಬತ್ತನೇ ದಿನಕ್ಕೆ ಕೈಕೊಟ್ಟಿತು. ಅಂದು ಕೊನೆಯ ವಿಮಾನಕ್ಕೆ ಹೂವು ತುಂಬುತ್ತಿದ್ದರು. ಹೂವು ಕೊಳ್ಳುವ ಹೊರದೇಶದ ಗಂಡ ಹೆಂಡತಿ ಶೆಡ್ಡು ನೋಡಲು ಬಂದಿದ್ದರು. ಬಾಲ್ಸೆಕಾ ಹೊಸ ಅಂಗಿ ತೊಟ್ಟು ಅವರಿಗೆ ಹೂವು ಮೂಸಿಸುತ್ತಿದ್ದ. ಮೂರು ದಿನದಿಂದ ಮಕ್ರೀನಾಳ ಭುಜ ಸಣ್ಣಗೆ ಹಿಡಿಯುತ್ತಿತ್ತು. ಅಂದು ಕಟ್ಟನ್ನು ಕೊಂಡಿಗೆ ಎತ್ತಿದಾಗ ಒಳಗೆ ಚಳಕ್ಕೆಂದು ಎಳೆಯಿತು. ಕಣ್ಣು ಕತ್ತಲಿಟ್ಟಿತು.

ಮೊಂಕಾಯೊ ದೂರದಿಂದಲೇ ಕಂಡ. ಅತಿಥಿಗಳಿಗೆ ಬೆನ್ನು ಹಾಕಿ ಬಳಿಗೆ ಬಂದು ಮೆಲ್ಲಗೆ ಹೇಳಿದ. "ಬಾ ಮಗಳೇ, ಒಂದು ನಿಮಿಷದ ಕೆಲಸ. ಸೂಜಿ ತುಂಬಿಟ್ಟಿದೀನಿ."

"ಬ್ಯಾಡ ಸ್ವಾಮಿ."

"ಹಟ ಮಾಡಬೇಡ. ನೋವಲ್ಲಿ ಹೇಗೆ ಕೆಲಸ ಮಾಡ್ತೀಯಾ?"

"ನೋವಿರ್ಲಿ. ಅದೊಂದನ್ನ ಬುಡಿ ನನಗೆ. ನಿಮ್ಮ ಕಾಗದ್ದಾಗೆ ಸೂಜಿ ಇಲ್ಲ, ಅವರ ಕಾಗದ್ದಾಗೆ ನೋವಿಲ್ಲ. ಅದನ್ನೂ ನಿಮಗೆ ಕೊಟ್ಬುಟ್ರೆ ಈ ಕೈ ಹೋಗಿದ್ದಕ್ಕೆ ಸಾಕ್ಷಿ ಯಾರು?"

"ಬಾಯಿ ಮುಚ್ಚಿ ಕೆಲಸ ಮಾಡು ಹಾಗಾದ್ರೆ."

ಮಕ್ರೀನಾ ಇನ್ನೊಂದು ಕಟ್ಟು ತೆಗೆದುಕೊಂಡಳು. ಎತ್ತಿದಳು. ತಾತನಿಂದ ಅವ್ವನಿಗೆ, ಅವ್ವನಿಂದ ತನಗೆ ಬಂದದ್ದನ್ನೆಲ್ಲ ಮೀರಿ ಬಾಯಿ ತೆರೆದಳು.

"ಅಯ್ಯಯ್ಯೋ!"

ಎಂಬತ್ತು ತಲೆಗಳು ಎದ್ದವು. ಆ ಶೆಡ್ಡಿನಲ್ಲಿ ಅಂಥ ಸದ್ದು ಯಾರೂ ಕೇಳಿರಲಿಲ್ಲ. ಅತಿಥಿ ಹೆಂಗಸು ಕೈಯಲ್ಲಿದ್ದ ಗುಲಾಬಿಯನ್ನು ಮೂಗಿನಿಂದ ಇಳಿಸಿ, ಏನಾಯಿತು ಎಂದು ಕೇಳಿದಳು. ಏನಿಲ್ಲ ಮೇಡಂ, ಮುಳ್ಳು ಚುಚ್ಚಿರಬೇಕು ಎಂದು ಬಾಲ್ಸೆಕಾ ಹಲ್ಲು ಕಿರಿದ. ಮಕ್ರೀನಾ ಮತ್ತೊಂದು ಕಟ್ಟು ಎತ್ತಿದಳು.

"ಅಯ್ಯಯ್ಯೋ!"

"ಮುಚ್ಚೇ ಬಾಯಿ, ಬೇವರ್ಸಿ!" ಬಾಲ್ಸೆಕಾ ಓಡಿ ಬಂದ. ಅವಳು ಅವನ ಮುಖವನ್ನೂ ನೋಡಲಿಲ್ಲ. ಕೆಲಸ ನಿಲ್ಲಿಸಿದ್ದರೆ ಅವನು ಹೊರಗೆ ದಬ್ಬಬಹುದಿತ್ತು. ಅವಳು ಕೆಲಸ ಮಾಡುತ್ತಿದ್ದಳು. ಎತ್ತಿದಳು, ಕೂಗಿದಳು. ಎತ್ತಿದಳು, ಕೂಗಿದಳು. ಬೆವರು, ಕಣ್ಣೀರು ಒಂದಾಗಿ ಗಲ್ಲದಿಂದ ಹೂವಿನ ಮೇಲೆ ತೊಟ್ಟಿಕ್ಕುತ್ತಿತ್ತು. ಪಕ್ಕದ ಮೇಜಿನಲ್ಲಿ ಸೊಯ್ಲಾ ತುಟಿ ಕಚ್ಚಿ ನಿಂತಿದ್ದಳು, ಅವಳ ಕೈಯ ಕಟ್ಟು ಅರ್ಧಕ್ಕೇ ನಿಂತಿತ್ತು. ಅವಳಿಗೂ ಎರಡು ಸೂಜಿ ಆಗಿದ್ದವು. ಅವಳ ಬಾಯಿ ತೆರೆಯಿತು, ಸದ್ದು ಬರಲಿಲ್ಲ.

ಬಾಲ್ಸೆಕಾ ಹೋಗಿ ರೇಡಿಯೊದ ಸದ್ದು ಜೋರು ಮಾಡಿದ. ಪ್ರೇಮಗೀತೆ ಶೆಡ್ಡು ಬಿರಿಯುವಂತೆ ಮೊಳಗಿತು. ಅದರ ಮೇಲೆ ಮಕ್ರೀನಾ ಇನ್ನೊಂದು ಕಟ್ಟು ಎತ್ತಿದಳು. ಭುಜದೊಳಗೆ ಹಗ್ಗ ಹರಿದ ಹಾಗೆ ಏನೋ ಹರಿಯಿತು. ಕೈ ಪಕ್ಕಕ್ಕೆ ಬಿತ್ತು, ಹೂವು ನೆಲಕ್ಕೆ ಚೆಲ್ಲಿತು. ಈ ಸಲ ಅವಳು ಆಯಲು ಬಗ್ಗಲಿಲ್ಲ. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು, ಎಲ್ಲರಿಗೂ ಕಾಣುವಂತೆ ತಲೆಯ ಮೇಲಕ್ಕೆ ಎತ್ತಿ ಹಿಡಿದು ನಿಂತಳು.

"ಅಯ್ಯಯ್ಯೋ!" ಎಂಬ ಕೂಗು ಕೇಳಿತು. ಈ ಸಲ ಕೂಗಿದವಳು ಸೊಯ್ಲಾ.