ಭಯದ ಮುಖ ಒತ್ತಿದವರು

ವಿಮಾ ಕಚೇರಿಯಲ್ಲಿ ಹದಿನೆಂಟು ವರ್ಷದಿಂದ ಕ್ಲೇಮು ಪರಿಶೀಲಿಸುವ ಕೆಲಸ ನನ್ನದು. ಅಂಗಡಿ ತಾನಾಗಿ ಸುಟ್ಟುಹೋಯಿತೇ, ಯಾರಾದರೂ ಸುಟ್ಟರೇ ಎಂದು ನೋಡುವವಳು ನಾನು. "ಕೋಕಿಲಾ ಮೇಡಂ ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ಕೂತಿರ್ತಾರೆ" ಎಂದು ಆಫೀಸಿನಲ್ಲಿ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಹಾಗಾಗಿ ಸೋಮವಾರ ಶಾಲೆಯಿಂದ ಆ ಮೆಸೇಜು ಬಂದಾಗ ನನ್ನ ಅನುಮಾನ ಹೋಗಬೇಕಾದ ಕಡೆಗೇ ಹೋಯಿತು. ಶಾಲೆಗೆ ಈ ವರ್ಷ ಹೊಸ ಟ್ಯಾಬ್ ಬಂದಿದೆ. ಬೆಳಿಗ್ಗೆ ಹಾಜರಿ ಆದಮೇಲೆ ಪ್ರತಿ ಮಗುವೂ ಅದರಲ್ಲಿ ತನ್ನ ಮನಸ್ಸಿನ ಮುಖ ಒತ್ತಬೇಕು: ನಗು, ಅಳು, ಕೋಪ, ಭಯ. ಬೇಕಿದ್ದರೆ ಕಾರಣ ಹೇಳಿ ರೆಕಾರ್ಡ್ ಮಾಡಬಹುದು. ನಗು ಬಿಟ್ಟು ಬೇರೆ ಯಾವುದು ಒತ್ತಿದರೂ ಮನೆಗೆ ಮೆಸೇಜು. ಮಕ್ಕಳ ಗುಟ್ಟು ಕಾಯಬೇಕಂತೆ, ಅದಕ್ಕೆ ಹೆಸರು ಹಾಕುವುದಿಲ್ಲ. 'ನಿಮ್ಮ ಮಗು ಇಂದು ಭಯದ ಮುಖ ಒತ್ತಿದೆ. ಮಗುವಿನ ಜೊತೆ ಮಾತಾಡಿ.'

ನನ್ನ ನಂಬರಿಗೆ ಇಬ್ಬರು ಮಕ್ಕಳಿದ್ದಾರೆ. ಒಬ್ಬಳು ಮೂರನೇ ಕ್ಲಾಸಿನ ನನ್ನ ಮಗಳು ಸಂಹಿತಾ. ಇನ್ನೊಬ್ಬಳು ಅದೇ ಕ್ಲಾಸಿನ ಸುಕನ್ಯ. ಗರುಡಾಚಾರ್‌ಪಾಳ್ಯದ ನಮ್ಮ ಮನೆಯ ಹಿಂದಿನ ರೂಮಿನಲ್ಲಿ ಬಾಡಿಗೆಗಿರುವ ಹಂಪಣ್ಣನ ಮಗಳು. ಯಾದಗಿರಿ ಕಡೆಯವರು. ಸೆಂಟ್ರಿಂಗ್ ಕೆಲಸದ ಹಂಪಣ್ಣ ಮೂರು ತಿಂಗಳಿಗೊಂದು ಸಿಮ್ ಬದಲಿಸುವವನಾದ್ದರಿಂದ ಶಾಲೆಯ ಫಾರ್ಮಿನಲ್ಲಿ ಓನರ್ ನಂಬರು, ಅಂದರೆ ನನ್ನದು, ಬರೆಸಿದ್ದ.

ಸಂಹಿತಾ ಅಂತೂ ಅಲ್ಲ. ಅವಳ ಡಬ್ಬಿ, ಬ್ಯಾಗು, ಡೈರಿ ದಿನಾ ಸಂಜೆ ನಾನೇ ತೆಗೆದು ನೋಡುತ್ತೇನೆ. ಕಳೆದ ಶುಕ್ರವಾರದ ಕ್ರಾಫ್ಟ್ ಕ್ಲಾಸಿನಲ್ಲಿ ಚಿತ್ರಾನ್ನ ಚೆಲ್ಲಿದ್ದನ್ನೂ ಕೇಳಿ ಕೇಳಿ ಬಾಯಿ ಬಿಡಿಸಿದ್ದೆ. ನನಗೆ ಗೊತ್ತಿಲ್ಲದ್ದು ಅವಳಲ್ಲಿ ಏನಿದೆ? ಹಂಪಣ್ಣನ ಗಂಟಲೋ, ಫೋನಿಲ್ಲದೆಯೇ ಯಾದಗಿರಿಗೆ ಕೇಳಿಸುವಂಥದ್ದು.

ಮಂಗಳವಾರವೂ ಭಯ. ಬುಧವಾರವೂ ಭಯ. ಅವರ ರೂಮಿಗೆ ತಾಗಿದ ಬಚ್ಚಲಿನ ಗೋಡೆಗೆ ಕಿವಿ ಕೊಟ್ಟು ನಿಂತೆ. ಸುಕನ್ಯಳ ಮೊಣಕಾಲಿಗೆ ಅರಿಶಿನ ಮೆತ್ತಿದ್ದು ಕಂಡಿತು.

"ಬಿದ್ದಾಳ್ರೀ ಅಕ್ಕಾರ" ಎಂದಳು ಅವಳಮ್ಮ ರೇವತಿ. ಎಲ್ಲರೂ ಹಾಗೇ ಹೇಳುವುದು.

ನನ್ನ ರಕ್ತ ಕುದಿಯಿತು. ಗುರುವಾರ ಹಂಪಣ್ಣನನ್ನು ಗೇಟಿನಲ್ಲೇ ತಡೆದೆ. "ಮಗೂನ ಹೊಡೆಯೋರಿಗೆ ನನ್ನ ಮನೇಲಿ ಜಾಗ ಇಲ್ಲ. ನಾಳೆ ಇಬ್ರೂ ಸ್ಕೂಲಿಗೆ ಬನ್ನಿ. ನಿಜ ಅಂತ ಗೊತ್ತಾದ್ರೆ ಈ ತಿಂಗ್ಳೇ ರೂಮು ಖಾಲಿ ಮಾಡ್ಬೇಕು."

ಅವನು ತಲೆ ತಗ್ಗಿಸಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಎಂದುಕೊಂಡೆ.

ಶುಕ್ರವಾರ ಅವನು ಕೆಲಸ ಬಿಟ್ಟು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಜೊತೆಗೆ ರೇವತಿಯೂ ಬಂದಳು. ಟೀಚರ್ ಧನಲಕ್ಷ್ಮಿ ಟ್ಯಾಬ್ ತೆರೆದು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಮೇಡಂ, ನಾವಿಬ್ರೇ ಮಾತಾಡೋಣ್ವಾ?"

"ಯಾಕೆ? ಇಲ್ಲೇ ಹೇಳಿ. ಅವ್ರೂ ಕೇಳ್ಲಿ."

"ಸುಕನ್ಯ ವಾರ ಪೂರ್ತಿ ನಗುನೇ ಒತ್ತಿದ್ದಾಳೆ ಮೇಡಂ."

"ಮನೇಲಿ ಹೇಳ್ಕೊಟ್ಟಿರ್ತಾರೆ" ಎಂದೆ. "ಭಯ ಒತ್ತಿದ್ದು ಮತ್ತೆ ಯಾರು? ರೆಕಾರ್ಡ್ ಇದ್ರೆ ಹಾಕಿ."

ಟೀಚರ್ ನಿಟ್ಟುಸಿರು ಬಿಟ್ಟು ಒತ್ತಿದರು. ಬಂದದ್ದು ಸಂಹಿತಾಳ ದನಿ.

"ನಾನು ಡಬ್ಬಿ ಪೂರ್ತಿ ತಿಂದಿದ್ದೆ. ಅಮ್ಮ ನಂಬ್ಲಿಲ್ಲ. ಯಾರಿಗೆ ಕೊಟ್ಟೆ, ಎಲ್ಲಿ ಚೆಲ್ಲಿದೆ ಅಂತ ಕೇಳ್ತಾನೇ ಇದ್ಲು. ಅದಕ್ಕೆ ಚೆಲ್ಲಿದೆ ಅಂತ ಸುಳ್ಳು ಹೇಳ್ದೆ. ಆಗ ನಂಬಿದ್ಲು. ಇವತ್ತು ಏನು ಕೇಳ್ತಾಳೋ ಅಂತ ಭಯ."

ನನಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹಂಪಣ್ಣ ನನ್ನ ಮುಖ ನೋಡದೆ ಮೆಲ್ಲಗೆ ಕೇಳಿದ: "ಖೋಲಿ ಬಿಡ್ಬೇಕೇನ್ರೀ ಅಕ್ಕಾರ?"

"ಬೇಡ. ತಪ್ಪು ನಂದು" ಎಂದೆ.

ಆ ಸಂಜೆ ಸಂಹಿತಾ ಗೇಟು ದಾಟುತ್ತಲೇ ಬ್ಯಾಗಿನಿಂದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ ನನ್ನ ಮುಂದೆ ಹಿಡಿದಳು. ನಾನಿನ್ನೂ ಏನೂ ಕೇಳಿರಲಿಲ್ಲ.

"ತೋರಿಸ್ಬೇಡ ಪುಟ್ಟಾ. ನಂಬ್ತೀನಿ."

ಅವಳು ನಂಬಲಿಲ್ಲ. ಡಬ್ಬಿಯನ್ನು ಹಾಗೇ ಹಿಡಿದುಕೊಂಡು ನಿಂತಳು.