ಕೂಳೆಯ ವಯಸ್ಸು

ಮೊದಲೇ ಹೇಳಿಬಿಡುತ್ತೇನೆ, ನನ್ನ ಬಾಯಿ ಸರಿಯಿಲ್ಲ. ಪೂರಿಗಾಲಿಯಲ್ಲಿ ನಮ್ಮಪ್ಪ ಮಹದೇವಯ್ಯ, "ಅರುಂಧತೀ, ನಿನ್ ಬಾಯ್ಗೆ ಬೀಗ ಆಕಿ ಬೀಗದ್ ಕೈಯ ಒಳೆಗೆ ಎಸೀಬೇಕು ಕಣವ್ವ" ಅಂತ ದಿನಕ್ಕೊಂದು ಸಲವಾದರೂ ಅನ್ನುತ್ತಿದ್ದ. ಅಂಥ ಬಾಯಿ, ತೆರೆಯಲೇಬೇಕಾದ ಹೊತ್ತಿನಲ್ಲಿ, ಎರಡೇ ಮಾತಾಡಿ ಮುಚ್ಚಿಕೊಂಡಿತು. ಆ ಎರಡು ಮಾತಿನ ಕತೆ ಇದು.

ನಾನು ನಮ್ಮ ಸೀಮೆಯ ಒಂದು ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದೇನೆ. ಹೆಸರು ಬೇಡ. ಕಬ್ಬು ಕೊಡುತ್ತೇವೆಂದು ಒಪ್ಪಿಗೆ ಮಾಡಿಕೊಂಡ ರೈತರಿಗೆ, ಇಂಥ ದಿನ ಕಡಿಯಿರಿ ಎಂಬ ಕಟಾವು ಆರ್ಡರ್ ನಮ್ಮ ಪ್ರೋಗ್ರಾಮಿನಿಂದಲೇ ಹೊರಡುತ್ತದೆ. ಯಾವ ಕಬ್ಬಿಗೆ ಹೆಚ್ಚು ವಯಸ್ಸೋ ಅದಕ್ಕೆ ಮೊದಲ ಸರದಿ. ಲೆಕ್ಕ ಇಷ್ಟೇ.

ಅಬಾಪ್ ಎಂಬ ವ್ಯವಹಾರದ ಕಂಪ್ಯೂಟರ್ ಭಾಷೆಯನ್ನು ನನಗೆ ಕಲಿಸಿದವರು ಜಯಪ್ರಕಾಶ್ ಸರ್. ದುದ್ದದವರು. ಅವರ ತಂದೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಕಬ್ಬಿನ ತಾಕು ನೋಡಿಕೊಳ್ಳುತ್ತಿದ್ದವರು. ಸರ್ ಪಾಠ ಹೇಳುತ್ತಿದ್ದದ್ದೂ ಕಬ್ಬು ಬೆಲ್ಲದ ಮಾತಿನಲ್ಲೇ: "ಪ್ರೋಗ್ರಾಮಲ್ಲಿ ಕ್ಲಾಸ್ ಅಂದ್ರೆ ಬೆಲ್ಲದ ಅಚ್ಚು ಕಣಮ್ಮ. ಒಂದ್ಸಲ ನೆಟ್ಟಗೆ ಕೊರೆದುಬುಟ್ರೆ ಎಷ್ಟು ಸಲ ಬೇಕಾದ್ರೂ ಉಯ್ಕೋಬೋದು. ಸೊಟ್ಟ ಕೊರೆದ್ರೆ ಉಯ್ದಿದ್ದೆಲ್ಲಾ ಸೊಟ್ಟ."

ನಾಲ್ಕು ವರ್ಷದ ಹಿಂದೆ ಕಟಾವಿನ ಪ್ರೋಗ್ರಾಮನ್ನು ಹೊಸದಾಗಿ ಬರೆಯುವ ಕೆಲಸ ಬಂತು. ಮೊದಲು ನಾಟಿ ಕಬ್ಬಿಗೆ, ಅಂದರೆ ಹೊಸದಾಗಿ ನೆಟ್ಟಿದ್ದಕ್ಕೆ, ಒಂದು ಕ್ಲಾಸ್ ಮಾಡಿದೆ: ತಳಿ, ಸರ್ವೆ ನಂಬರು, ನೆಟ್ಟ ದಿನ, ವಯಸ್ಸು. ಆಮೇಲೆ ಕೂಳೆ ಕಬ್ಬು. ಕಡಿದ ಬುಡದಿಂದಲೇ ಮತ್ತೆ ಚಿಗುರಿ ಬರುವ ಬೆಳೆ ತಾನೆ ಕೂಳೆ? ನಾಟಿಯ ಬುಡದಿಂದ ಬರುವುದಾದರೆ ನಾಟಿಯ ಕ್ಲಾಸಿನಿಂದಲೇ ಬರಲಿ ಅಂತ ಹಾಗೇ ಹುಟ್ಟಿಸಿದೆ. ನಾಟಿಗೆ ಬರೆದದ್ದೆಲ್ಲ ಕೂಳೆಗೆ ಪುಕ್ಕಟೆ ಬಂತು. ಗದ್ದೆ ಕಾಣದ ಪ್ಯಾಟೆಯವರಾಗಿದ್ದರೆ ಯಾರನ್ನಾದರೂ ಕೇಳಿ ಬರೆಯುತ್ತಿದ್ದರೇನೋ. ನನಗೆ ಗದ್ದೆ ಬಲ್ಲೆ ಎಂಬ ಜಂಬ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವಂತೆ ಅದನ್ನು ಸರ್ ಮುಂದೆ ಹೆಮ್ಮೆಯಿಂದ ಇಟ್ಟೆ.

ಸರ್ ನೋಡಿದವರೇ ತಲೆ ಕೆರೆದುಕೊಂಡರು. "ಬುಡ ಒಂದೇ ಆದ್ರೆ ವಯಸ್ಸೂ ಒಂದೇ ಏನಮ್ಮ? ಕೂಳೆ ವಯಸ್ಸ ಹಿಂದಿನ ಕಟಾವಿಂದ ಎಣಿಸ್ಬೇಕು. ನಿನ್ನ ಕೂಳೆ ಹಳೇ ನಾಟಿ ದಿನಾನೇ ಹೊತ್ಕೊಂಡು ಬತ್ತದೆ. ಎಂಟು ತಿಂಗಳ ಎಳೆ ಕೂಳೆ ಎರಡು ವರ್ಷದ ಮುದುಕ ಆಯ್ತದೆ."

"ಕಬ್ಬಿನ ಗರಿ ತರಚಿ ಕೈಯೆಲ್ಲ ಗೀರಾದೋಳು ನಾನು ಸರ್. ನಂಗೇ ಕೂಳೆ ಪಾಠನಾ?" ಅಂದೆ.

"ಕೈ ಗೀರಾದ್ರೆ ತಲೆ ಚುರುಕಾಗಲ್ಲ, ಕೇಳಿಲ್ಲಿ. ಎರಡನ್ನೂ ಬೇರೆ ಬೇರೆ ಕ್ಲಾಸ್ ಮಾಡು. ಎರಡರ ಕೈಲೂ ಒಂದೇ ಇಂಟರ್‌ಫೇಸಿಗೆ ರುಜು ಹಾಕ್ಸು. ಇಂಟರ್‌ಫೇಸ್ ಅಂದ್ರೆ ಕರಾರು. ವಯಸ್ಸೆಷ್ಟು ಅಂತ ಕೇಳಿದ್ರೆ ಹೇಳ್ಲೇಬೇಕು, ಅಷ್ಟೆ. ಹೆಂಗೆ ಎಣಿಸ್ತೀಯ ಅನ್ನೋದು ಅವರವರ ಪಾಡು. ನಾಳೆ ಬೀಜದ ಕಬ್ಬು ಬಂದ್ರೂ ಅದೇ ಕರಾರು ಸಾಕು."

ಮುಖ ಊದಿಸಿಕೊಂಡೇ ಹಾಗೆ ಬರೆದೆ. ಸೋಮವಾರ ಕಬ್ಬು ಅರೆಯುವುದು ಶುರು. ಶನಿವಾರ ಬೆಳಗ್ಗೆ ಸರ್ ಆ ಹೊಸದನ್ನು ತಮ್ಮ ಲಾಗಿನ್‌ನಿಂದ ಕಾರ್ಖಾನೆಯ ಸಿಸ್ಟಮ್ಮಿಗೆ ಹಾಕಿದರು. ಹಾಗೆ ಹಾಕುವ ಅಧಿಕಾರ ಅವರಿಗೊಬ್ಬರಿಗೇ ಇತ್ತು. ಎರಡು ದಿನದಿಂದ ಕಣ್ಣು ಮುಚ್ಚಿರಲಿಲ್ಲ ಅವರು. ಮಧ್ಯಾಹ್ನ ಬುತ್ತಿ ಉಂಡು ಪಕ್ಕದ ಕುರ್ಚಿಯಲ್ಲಿ ಒರಗಿದವರು ಗೊರಕೆ ಹೊಡೆದರು. ಅದೇ ಹೊತ್ತಿಗೆ ನಾನು ಕಟಾವಿನ ಪಟ್ಟಿ ತೆಗೆದು ನೋಡಿದರೆ, ನನ್ನ ಹೊಸ ಕ್ಲಾಸು ಮುಗ್ಗರಿಸಿ ನಿಂತಿದೆ. ಪಟ್ಟಿಯೇ ಬರುತ್ತಿಲ್ಲ. ಮೂರು ಗಂಟೆಗೆ ಮ್ಯಾನೇಜರ್ ನೋಡಲು ಬರುವವರಿದ್ದರು. ನಾನು ಮೊದಲು ಬರೆದಿದ್ದ ಹಳೆಯದಾದರೆ, ಕೂಳೆಯ ವಯಸ್ಸು ತಪ್ಪಾದರೂ, ಓಡುತ್ತದೆ. ಸರ್ ಮಿಷಿನ್ ತೆರೆದೇ ಇತ್ತು. ಹೊಸದನ್ನು ತೆಗೆದು ಹಳೆಯದನ್ನು ಹಾಕಿದೆ. ನಾಳೆ ಸರಿಮಾಡಿ ಮತ್ತೆ ಬದಲಾಯಿಸಿದರಾಯಿತು, ಇವರನ್ನೇಕೆ ಎಬ್ಬಿಸಬೇಕು ಅಂದುಕೊಂಡೆ.

ಭಾನುವಾರ ಆ ಮುಗ್ಗರಿಕೆಯನ್ನು ಸರಿಮಾಡಿದ್ದೂ ಆಯಿತು. ಆದರೆ ಅದನ್ನು ಸಿಸ್ಟಮ್ಮಿಗೆ ಹಾಕಬೇಕಾದರೆ ಸರ್‌ಗೆ ಎಲ್ಲ ಹೇಳಬೇಕಿತ್ತು. ಸೋಮವಾರ ಪಟ್ಟಿ ಸರಾಗವಾಗಿ ಹೊರಬಿತ್ತು. ಓಡುತ್ತಿರುವುದನ್ನು ಯಾರು ಮುಟ್ಟುತ್ತಾರೆ? ಮರೆತೆ ಅಂದರೆ ಸುಳ್ಳು. ಮುಂದೂಡಿದೆ.

ಮೂರು ವಾರಕ್ಕೆ ಹೊನ್ನಯ್ಯ ಎಂಬ ರೈತರು ಹೆಗಲ ಮೇಲೊಂದು ಕಬ್ಬು ಹೊತ್ತುಕೊಂಡು ನೇರ ನಮ್ಮ ಕೋಣೆಗೇ ನುಗ್ಗಿದರು. ಕಬ್ಬಿನ ತುದಿಯಲ್ಲಿ ಬೆಳ್ಳನೆಯ ಸೂಲಂಗಿ, ಹೂ ಒಡೆದುಬಿಟ್ಟಿತ್ತು. "ನೋಡ್ರಯ್ಯಾ! ಅದ್ನಾಕು ತಿಂಗ್ಳ ಕಬ್ಬು ಊವಾಗಿ ನಿಂತದೆ, ಬೆಂಡಾಯ್ತಾ ಅದೆ. ನಂಗೆ ಆರ್ಡರ್ ಇಲ್ಲ. ನನ್ ಪಕ್ಕದ್ ಗದ್ದೆಯೋನು ಮೊನ್ನೆ ಮೊನ್ನೆ ಕೂಳೆ ಬುಟ್ಟವ್ನೆ, ಅವ್ನಿಗೆ ಕಡಿ ಅಂತ ಕಾಗ್ದ! ನಿಮ್ ಕಂಪ್ಯೂಟ್ರು ಅನ್ನ ತಿಂತದಾ, ಮಣ್ಣು ತಿಂತದಾ?"

ಅವರ ಹಿಂದೆ ನೂರಾರು ಜನ ಗೇಟಿನಲ್ಲಿ ಕೂತರು. ಮ್ಯಾನೇಜರ್ ದಾಖಲೆ ತೆಗೆಸಿದರು. ಶನಿವಾರ ಬೆಳಗ್ಗೆ ಹೊಸದು ಹಾಕಿದ್ದು, ಮಧ್ಯಾಹ್ನ ಒಂದೂ ಇಪ್ಪತ್ತಕ್ಕೆ ಅದನ್ನು ತೆಗೆದು ಹಳೆಯದು ಹಾಕಿದ್ದು, ಎರಡೂ ಸರ್ ಹೆಸರಿನಲ್ಲಿ. ಸರ್ ಆ ಸಾಲನ್ನು ನಾಲ್ಕಾರು ಸಲ ಓದಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಅರುಂಧತಿ, ಆ ಹೊತ್ನಲ್ಲಿ ನೀನೇನಾದ್ರೂ ನನ್ ಮಿಷಿನ್ ಮುಟ್ಟಿದ್ಯೇನಮ್ಮ?"

ನನ್ನ ಕೆಲಸ ಕಾಯಂ ಆಗುವ ಆದೇಶ ಆ ವಾರ ಮ್ಯಾನೇಜರ್ ಮೇಜಿನ ಮೇಲಿತ್ತು. ರುಜು ಒಂದು ಬಾಕಿ.

"ಇಲ್ಲ ಸರ್" ಅಂದೆ.

"ಹಂಗಾದ್ರೆ ನಾನೇ" ಅಂದರು, ಮೆಲ್ಲಗೆ.

ಮಾರನೆಯ ದಿನವೇ ಹೊಸ ಕ್ಲಾಸುಗಳನ್ನು ಹಾಕಿ ಸರದಿ ಸರಿಮಾಡಿದೆವು. ಹೊನ್ನಯ್ಯನವರ ಕಬ್ಬು ಆ ಹೊತ್ತಿಗೆ ಬೆಂಡಾಗಿತ್ತು. ವಾರದೊಳಗೆ ಸರ್ ಕೈಲಿ ರಾಜೀನಾಮೆ ಬರೆಸಿಕೊಂಡರು. ನಾನು ಕಾಯಂ ಆದೆ. ಆಮೇಲೆ ಅವರ ಕುರ್ಚಿಯಲ್ಲೇ ಕೂತೆ. ಸರ್‌ಗೆ ನಿಜ ಗೊತ್ತಿತ್ತು, ಬಡವರ ಮನೆ ಹುಡುಗಿ ಬದುಕಿಕೊಳ್ಳಲಿ ಅಂತ ತಪ್ಪನ್ನು ಮೈಮೇಲೆ ಹಾಕಿಕೊಂಡರು, ದೊಡ್ಡ ಮನುಷ್ಯರು, ಅಂತ ನಂಬಿಕೊಂಡೆ. ಹಾಗೆ ನಂಬಿದರೆ ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು. ನಾಲ್ಕು ವರ್ಷ ಒಂದು ಫೋನೂ ಮಾಡಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು.

ಹೋದ ತಿಂಗಳು, ಹೊಸದಾಗಿ ಸೇರಿದ ರಂಜಿತ ಕೇಳಿದಳು: "ಮೇಡಂ, ಈ ವಯಸ್ಸಿನ ಇಂಟರ್‌ಫೇಸ್ ಎಷ್ಟು ಚೆನ್ನಾಗಿದೆ! ಬೀಜದ ಕಬ್ಬಿಗೂ ಇದೇ, ಕಾರ್ಖಾನೆ ತೋಟದ ಬಾಳೆಗೂ ಇದೇ ಹಾಕ್ದೆ, ಒಂದಕ್ಷರ ಬದಲಾಯಿಸ್ಲಿಲ್ಲ. ಯಾರ ಯೋಚನೆ ಇದು?"

"ಜಯಪ್ರಕಾಶ್ ಸರ್‌ದು."

"ಯಾರು, ತಪ್ಪು ಮಾಡಿ ಕೆಲಸ ಕಳಕೊಂಡ್ರಲ್ಲ, ಅವರಾ?"

ಭಾನುವಾರ ಬೆಳಗ್ಗೆ ಸ್ಕೂಟರ್ ತೆಗೆದುಕೊಂಡು ಮಂಡ್ಯ ದಾಟಿ ದುದ್ದಕ್ಕೆ ಹೋದೆ.

ಸರ್ ಮನೆಯ ಮುಂಭಾಗದಲ್ಲೇ ಹಿಂಡಿ ಬೂಸಾ ಅಂಗಡಿ ಇಟ್ಟಿದ್ದರು. ಕೂದಲು ಬೆಳ್ಳಗಾಗಿತ್ತು. ನನ್ನನ್ನು ಕಂಡು ಮುಖ ಅರಳಿತು. "ಬಾರಮ್ಮ ಬಾ! ನಾಗಮಣೀ, ನಮ್ ಅರುಂಧತಿ ಬಂದವ್ಳೆ, ಕಾಫಿ ಇಡು" ಅಂತ ಹೆಂಡತಿಯನ್ನು ಕೂಗಿದರು. ಆಮೇಲೆ ಜೇಬಿನಿಂದ ಚಿಕ್ಕ ಪುಸ್ತಕ ತೆಗೆದು ಏನೋ ಬರೆದುಕೊಂಡರು. ಇಣುಕಿದೆ. "ಗೇಟು ತೆಗೆದೆ. ಅರುಂಧತಿ ಬಂದಳು. ಕಾಫಿ ಹೇಳಿದೆ."

"ಇದ್ಯಾಕೆ ಸರ್?"

"ಬರೆದಿಡ್ದಿದ್ರೆ ನಂಬೋಕಾಗಲ್ಲ ಕಣಮ್ಮ." ಪುಸ್ತಕ ಜೇಬಿಗೆ ಹಾಕಿಕೊಂಡರು. "ಅವತ್ತು ಬೆಳಗ್ಗೆ ನಾನೇ ಹೊಸದು ಹಾಕಿದ್ದೀನಿ, ಮಧ್ಯಾಹ್ನ ನಾನೇ ಅದ ತೆಗೆದು ಹಳೇದು ಹಾಕಿದ್ದೀನಿ. ಒಂದು ಚೂರೂ ನೆನಪಿಲ್ಲ! ಮಂಡ್ಯದಲ್ಲಿ ಡಾಕ್ಟ್ರಿಗೆ ತೋರಿಸ್ದೆ, ತಲೆ ಸ್ಕ್ಯಾನ್ ಮಾಡಿಸ್ದೆ. ಏನೂ ಇಲ್ಲ ಅಂದ್ರು. ಏನೂ ಇಲ್ದೆ ಹಂಗಾಯ್ತದಾ? ಎರಡು ಕಂಪ್ನಿಯೋರು ಮನೆಗಂಟ ಬಂದು ಕರೆದ್ರು, ಹೋಗ್ಲಿಲ್ಲ. ಒಂದು ಸಾಲು ಬರೆಯೋಕೂ ಧೈರ್ಯ ಇಲ್ಲ. ಇನ್ನೆಷ್ಟು ಜನರ ಗದ್ದೆ ಹಾಳು ಮಾಡ್ಲಿ?"

ಕುಂಬಳಕಾಯಿ ಕಳ್ಳ ಅಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ ಅಂತಾರೆ. ಇಲ್ಲಿ ಕದಿಯದವರು ನಾಲ್ಕು ವರ್ಷದಿಂದ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಇವರು ನನ್ನನ್ನು ಉಳಿಸಿರಲಿಲ್ಲ. ನನ್ನ ಮಾತನ್ನು ನಂಬಿದ್ದರು, ಅಷ್ಟೆ. ನನ್ನನ್ನು ನಂಬಿ ತಮ್ಮನ್ನೇ ನಂಬುವುದನ್ನು ಬಿಟ್ಟಿದ್ದರು.

"ಸರ್, ಅದು ನಾನು" ಅಂದೆ. "ಪಟ್ಟಿ ಬರ್ತಿರ್ಲಿಲ್ಲ. ನಿಮ್ ಮಿಷಿನ್‌ನಿಂದ ನಾನೇ ಹಳೇದು ಹಾಕ್ದೆ."

ಅವರು ಮತ್ತೆ ಜೇಬಿನ ಪುಸ್ತಕಕ್ಕೆ ಕೈ ಹಾಕಿದರು. "ನಾನೆಲ್ಲಿದ್ದೆ?"

"ಪಕ್ಕದ ಕುರ್ಚೀಲಿ. ನಿದ್ದೆ ಹೋಗಿದ್ರಿ."

"ಕೇಳಿದ್ನಲ್ಲಮ್ಮ ನಿನ್ನ" ಅಂದರು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಬೈದಿದ್ದರೆ ಕಾಲಿಗೆ ಬೀಳುತ್ತಿದ್ದೆ. ಬೈಯಲಿಲ್ಲ.

"ಹೂಂ ಸರ್. ಕೇಳಿದ್ರಿ."

ಅವರು ಎದ್ದು ಒಳಬಾಗಿಲಿಗೆ ಹೋದರು, ಚೌಕಟ್ಟು ಹಿಡಿದುಕೊಂಡರು. "ನಾಗಮಣೀ, ಒಲೆ ಆರಿಸಿ ಬಾರೆ ಇಲ್ಲಿ. ನನ್ ತಲೆ ಸರಿಯಾಗೇ ಇತ್ತಂತೆ ಕಣೇ."

ನಾಗಮಣಿಯವರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಗಂಡ ಅಳುತ್ತಿರುವುದನ್ನು ನೋಡಿದರು, ನನ್ನನ್ನು ನೋಡಿದರು. ಸರ್ ಆಕೆಯನ್ನು ಮೂಟೆಯ ಮೇಲೆ ಕೂರಿಸಿ ನನ್ನ ಕಡೆ ತಿರುಗಿದರು.

"ಮೊದ್ಲಿಂದ ಹೇಳಮ್ಮ ಇನ್ನೊಂದ್ಸಲ. ಅವಳೂ ಕೇಳ್ಲಿ."

ಆಕೆಯ ಮುಖ ನೋಡಿಕೊಂಡು, ಮೊದಲಿನಿಂದ ಹೇಳಿದೆ.