ಮದ್ದು ತೂಗುವಾಗ ಹೀಟರ್ ಆರಿಸಬೇಕು

ನನ್ನ ಗಂಡ ಸೆಲ್ಮರ್ ಕೋವಿಯ ತೋಟಾ ತುಂಬಲು ಕೂತನೆಂದರೆ ಮನೆಯ ಹೀಟರ್ ಆರಿಸಬೇಕು. ಇದು ನಮ್ಮ ಮನೆಯ ಕಾನೂನು. ಬಿಸಿಗಾಳಿ ಬೀಸಿದರೆ ಅವನ ತಕ್ಕಡಿಯ ಮುಳ್ಳು ಅಲ್ಲಾಡುತ್ತದಂತೆ. ಬಾಗಿಲು ತೆಗೆಯಕೂಡದು, ಬಟ್ಟೆ ಒಗೆಯುವ ಮೆಷಿನ್ ತಿರುಗಕೂಡದು. ನಾಯಿ ಬಾಲ ಅಲ್ಲಾಡಿಸಿದರೂ ಗಾಳಿಯೇ, ಆದ್ದರಿಂದ ನಾಯಿ ಹೊರಗೆ. ನಾನು ಒಳಗೇ ಇರಬಹುದು, ಮಾತಾಡಕೂಡದು. ಮೊಂಟಾನಾದಲ್ಲಿ ಅಕ್ಟೋಬರ್ ಕೊನೆಗೆ ಹೀಟರ್ ಇಲ್ಲದ ಅಡುಗೆಮನೆಯಲ್ಲಿ ಕೋಟು ತೊಟ್ಟು, ಬಾಯಿ ಮುಚ್ಚಿಕೊಂಡು ಆಲೂಗಡ್ಡೆ ಸುಲಿಯುವುದು ಹೇಗಿರುತ್ತದೆ ಎಂದು ಕೇಳಿದವರಿಗೆ ಹೇಳೋಣ ಎಂದು ಕಾದಿದ್ದೇನೆ. ಇದುವರೆಗೆ ಯಾರೂ ಕೇಳಿಲ್ಲ.

ತೋಟಾ ಅಂಗಡಿಯಲ್ಲಿ ಡಬ್ಬಿಗಟ್ಟಲೆ ಸಿಗುತ್ತದೆ. ಆದರೆ ಅಂಗಡಿ ತೋಟಾ ಎಂದರೆ ನಮ್ಮ ಕಡೆಯ ಗಂಡಸರು ಮುಖ ಕಿವುಚುತ್ತಾರೆ. ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆ ಕೊಳವೆಯನ್ನು ಹೆಕ್ಕಿ ತಂದು, ಉಜ್ಜಿ, ಹೊಸ ಮದ್ದು ತೂಗಿ ಹಾಕಿ, ಬಾಯಿಗೆ ಗುಂಡು ಕೂರಿಸಿ ಮತ್ತೆ ಹಾರಿಸಿದರೇ ಅವರಿಗೆ ಸಮಾಧಾನ. ಮದ್ದಿನ ಲೆಕ್ಕ ಗ್ರೇನಿನಲ್ಲಿ. ಒಂದು ಗ್ರೇನ್ ಎಂದರೆ ಒಂದೆರಡು ಗೋಧಿ ಕಾಳಿನ ತೂಕ. ಅದು ನಾಲ್ಕೈದು ಜಾಸ್ತಿಯಾದರೆ ಕೋವಿಯೇ ಸಿಡಿದು ಹಾರಿಸಿದವರ ಮುಖಕ್ಕೆ ಬರಬಹುದು. ಈ ಮಾತನ್ನು ಸೆಲ್ಮರ್ ನನಗೆ ಮದುವೆಯಾದ ವಾರವೇ ಹೇಳಿದ್ದ. ಹೊಸ ಗಂಡ ಬೇರೇನಾದರೂ ಹೇಳಬಹುದೇನೋ ಎಂದುಕೊಂಡಿದ್ದೆ.

ಮಂಡಿನೋವು ಬಂದು ಅವನು ಬೇಟೆ ಬಿಟ್ಟು ವರ್ಷಗಳಾದವು. ಈಗ ತುಂಬುವುದೆಲ್ಲ ಮಗಳು ಮಾರಿಟ್‌ಗೆ. ಅವಳು ಊರಿನ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ, ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಯ ಕಾಲ ಬಂತೆಂದರೆ ರಜೆ ಹಾಕಿ ಬೆಟ್ಟ ಹತ್ತುತ್ತಾಳೆ. "ನನ್ನ ಮಗಳು ಹುಟ್ಟಿದಾಗಿಂದ ಅಂಗಡಿ ತೋಟಾ ಮುಟ್ಟಿದೋಳಲ್ಲ" ಎಂದು ಸೆಲ್ಮರ್ ಚರ್ಚಿನ ಕಾಫಿ ಮೇಜಿನಲ್ಲಿ ಹೇಳದ ಭಾನುವಾರವಿಲ್ಲ. ಪಾದ್ರಿಗೂ ಅದು ಬಾಯಿಪಾಠ.

ಮೂರು ವರ್ಷದ ಹಿಂದೆ ಅವನ ಹುಟ್ಟುಹಬ್ಬಕ್ಕೆ ಮಾರಿಟ್ ಒಂದು ಎಲೆಕ್ಟ್ರಾನಿಕ್ ತಕ್ಕಡಿ ತಂದುಕೊಟ್ಟಳು. ತಟ್ಟೆಗೆ ಮದ್ದು ಹಾಕಿದರೆ ದೊಡ್ಡ ದೊಡ್ಡ ಅಂಕಿ ಬೆಳಗುತ್ತದೆ. ಸೆಲ್ಮರ್ ಅದನ್ನು ಅಳಿಯನಾಗಲು ಬಂದವನನ್ನು ನೋಡುವ ಹಾಗೆ ನೋಡಿದ.

"ಇದರ ಸೊನ್ನೆ ಸೊನ್ನೆಯಾಗೇ ಇರಲ್ಲ ಕಣೆ" ಎಂದ. "ಟ್ಯೂಬ್‌ಲೈಟ್ ಹತ್ರ ಇಟ್ರೆ ಒಂದು ಹೇಳುತ್ತೆ, ಫೋನ್ ಹತ್ರ ಬಂದ್ರೆ ಇನ್ನೊಂದು. ಬ್ಯಾಟರಿ ಹೋದ್ರೆ ಏನೂ ಹೇಳಲ್ಲ. ನನ್ನ ತಕ್ಕಡಿಗೆ ಏನು ಬೇಕು? ಭೂಮಿ ಎಳೀಬೇಕು, ಅಷ್ಟೆ."

"ಅಂಕಿ ದೊಡ್ಡದಾಗಿ ಕಾಣುತ್ತಲ್ಲ ಅಪ್ಪ" ಎಂದಳು ಅವಳು.

"ಗೋಡೆ ಗಡಿಯಾರದ್ದೂ ದೊಡ್ಡದಾಗೇ ಕಾಣುತ್ತೆ. ಅದರಲ್ಲಿ ಮದ್ದು ತೂಗ್ತೀನಾ?"

ಅವನ ಹಳೇ ತಕ್ಕಡಿಗೆ ಒಂದು ಕಬ್ಬಿಣದ ದಂಡಿಗೆ, ಅದರ ಒಂದು ತುದಿಗೆ ತಟ್ಟೆ, ಇನ್ನೊಂದು ತುದಿಗೆ ಮುಳ್ಳು. ದಂಡಿಗೆಯ ಮೇಲೆ ಸಾಲಾಗಿ ಕಚ್ಚುಗಳಿವೆ. ಬೇಕಾದ ಕಚ್ಚಿನಲ್ಲಿ ತೂಕದ ಬಿಲ್ಲೆ ಕೂರಿಸಿ, ಮುಳ್ಳು ಗೆರೆಗೆ ಬರುವ ತನಕ ತಟ್ಟೆಗೆ ಮದ್ದು ಉದುರಿಸಬೇಕು. ಒಂದು ಕಚ್ಚಿಗೆ ಐದು ಗ್ರೇನ್. ಹೊಸ ತಕ್ಕಡಿಯನ್ನು ನಾನು ಅಡುಗೆಮನೆಗೆ ತಂದು ಯೀಸ್ಟ್ ತೂಗಲು ಇಟ್ಟುಕೊಂಡೆ. ನನ್ನ ಬ್ರೆಡ್ಡು ಅಂದಿನಿಂದ ಚೆನ್ನಾಗಿ ಉಬ್ಬುತ್ತಿದೆ, ಅದನ್ನೂ ಯಾರೂ ಕೇಳಿಲ್ಲ.

ಈ ಸಲ ಬೇಟೆ ಶುರುವಾಗುವುದು ಶನಿವಾರ. ಹಿಂದಿನ ಭಾನುವಾರ ನಾನು ಚರ್ಚಿನ ಊಟಕ್ಕೆ ಲೆಫ್ಸೆ ಎಂಬ ಆಲೂಗಡ್ಡೆ ರೊಟ್ಟಿ ಲಟ್ಟಿಸಲು ಹೋಗಿದ್ದಾಗ ಸೆಲ್ಮರ್ ಇಪ್ಪತ್ತು ತೋಟಾ ತುಂಬಿ ಮಾರಿಟ್ ಕೈಗೆ ಕೊಟ್ಟು ಕಳಿಸಿದ್ದ. ಶುಕ್ರವಾರ ಮಧ್ಯಾಹ್ನ ಇನ್ನಿಪ್ಪತ್ತಕ್ಕೆ ಕೂತ. ಹೀಟರ್ ಆರಿತು, ನಾಯಿ ಹೊರಗೆ ಹೋಯಿತು, ನಾನು ಕೋಟು ಹಾಕಿಕೊಂಡೆ.

ಮದ್ದು ಹಾಕಿಯಾದ ಮೇಲೆ ಗುಂಡು ಕೂರಿಸುವ ಮುಂಚೆ, ಕೊಳವೆಗಳನ್ನು ಸಾಲಾಗಿ ನಿಲ್ಲಿಸಿ ಟಾರ್ಚ್ ಬಿಟ್ಟು ನೋಡುವುದು ವಾಡಿಕೆ. ಒಂದರಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ ಇದ್ದರೆ ಎಲ್ಲೋ ಎಡವಟ್ಟಾಗಿದೆ ಎಂದರ್ಥ. ಈಚೆಗೆ ಅದು ನನ್ನ ಕೆಲಸ.

"ಎಲ್ಲ ಒಂದೇ ಮಟ್ಟ ಇದ್ಯಾ?" ಎಂದ.

"ಒಂದೇ ಮಟ್ಟ."

"ಮತ್ತಿನ್ನೇನು."

ಒಂದೇ ಮಟ್ಟವೇನೋ ಹೌದು. ಆದರೆ ಪ್ರತಿ ವರ್ಷ ಮದ್ದು ಕೊಳವೆ ಕಿರಿದಾಗುವ ಹೆಗಲಿನ ಕೆಳಗೆ ಇರುತ್ತಿತ್ತು. ಈ ಸಲ ಎಲ್ಲದರಲ್ಲೂ ಕುತ್ತಿಗೆಗೆ ಬಂದು ಕೂತಿತ್ತು. ಎಲ್ಲರೂ ಒಟ್ಟಿಗೆ ತಪ್ಪು ದಾರಿ ಹಿಡಿದರೆ ಸಾಲು ನೆಟ್ಟಗೇ ಕಾಣುತ್ತದೆ. ನಾನು ಒಂದು ಕೊಳವೆ ಎತ್ತಿಕೊಂಡು ಹೋಗಿ ಮದ್ದನ್ನು ನನ್ನ ಯೀಸ್ಟ್ ತಕ್ಕಡಿಗೆ ಸುರಿದೆ. ಅವನು ಗೋಡೆಗೆ ಅಂಟಿಸಿದ್ದ ಮದ್ದಿನ ಅಳತೆಯ ಚೀಟಿಯಲ್ಲಿದ್ದ ಅಂಕಿಗಿಂತ ಐದು ಗ್ರೇನ್ ಜಾಸ್ತಿ.

"ಸೆಲ್ಮರ್, ಇದು ಐದು ಜಾಸ್ತಿ ತೋರಿಸ್ತಿದೆ."

"ನಿನ್ನ ಹಿಟ್ಟಿನ ತಕ್ಕಡಿ ತಾನೇ? ತೋರಿಸ್ಲಿ ಬಿಡು."

ಗುಂಡಿನ ಡಬ್ಬಿಯ ಮೇಲೆ ಗುಂಡಿನ ತೂಕ ಅಚ್ಚಾಗಿರುತ್ತದೆ, ನೂರೈವತ್ತು ಗ್ರೇನ್. ಒಂದು ಗುಂಡು ತೆಗೆದು ಹಿಟ್ಟಿನ ತಕ್ಕಡಿಗೆ ಹಾಕಿದೆ. ನೂರೈವತ್ತು ಎಂದಿತು. ಇನ್ನೊಂದು ಹಾಕಿದೆ, ಮತ್ತೆ ನೂರೈವತ್ತು. ಆಮೇಲೆ ಅವನ ಮೇಜಿನ ಹತ್ತಿರ ಹೋಗಿ ಬಗ್ಗಿ ನೋಡಿದೆ. ಬಿಲ್ಲೆ ಒಂದು ಕಚ್ಚು ಮುಂದೆ ಕೂತಿತ್ತು.

"ಮಾರಾಯ, ಈ ಬಿಲ್ಲೆ ಯಾವ ಅಂಕಿ ಮೇಲಿದೆ ಓದು."

ಅವನು ಮೂಗು ದಂಡಿಗೆಗೆ ತಾಗುವಷ್ಟು ಬಗ್ಗಿದ. ಚೀಟಿಯಲ್ಲಿದ್ದ ಅಂಕಿಯನ್ನೇ ಹೇಳಿದ. ಗಟ್ಟಿಯಾಗಿ, ಅನುಮಾನವಿಲ್ಲದೆ ಹೇಳಿದ. ಬಿಲ್ಲೆ ಆ ಅಂಕಿಯ ಮೇಲೆ ಇರಲಿಲ್ಲ.

"ನೀನು ಓದ್ತಿಲ್ಲ" ಎಂದೆ. "ಹೇಗೆ ಕೂರಿಸ್ತೀಯ ಇದನ್ನ?"

"ಉಗುರಲ್ಲಿ ಕಚ್ಚು ಎಣಿಸ್ತೀನಿ" ಎಂದ.

"ಭಾನುವಾರದಿಂದ ಇದನ್ನ ಅಲ್ಲಾಡಿಸಿದ್ಯಾ?"

"ಇಲ್ಲ."

ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಮಾರಿಟ್‌ಳ ಡಬ್ಬಿಯಲ್ಲಿ ಅಂಥವೇ ಇಪ್ಪತ್ತಿವೆ. ಅವಳು ಬೆಳಿಗ್ಗೆಯೇ ಬೆಟ್ಟಕ್ಕೆ ಹೋಗಿದ್ದಾಳೆ. ಬೇಟೆಯ ಹಿಂದಿನ ದಿನ ಮಧ್ಯಾಹ್ನ ಎಲ್ಲರೂ ಒಂದೆರಡು ಗುಂಡು ಹಾರಿಸಿ ಕೋವಿಯ ಗುರಿ ನೋಡಿಕೊಳ್ಳುತ್ತಾರೆ. ಫೋನ್ ಮಾಡಿದೆ. ಅಲ್ಲಿ ಸಿಗ್ನಲ್ ಯಾವತ್ತೂ ಇರುವುದಿಲ್ಲ, ಆದರೂ ಮಾಡಿದೆ.

ಪಿಕಪ್ ಹತ್ತಿದೆವು. ನಲವತ್ತು ಮೈಲಿ, ಅರ್ಧ ಜಲ್ಲಿ ರಸ್ತೆ. ಸೆಲ್ಮರ್ ಗಾಡಿ ಹಾರಿಸಿಕೊಂಡು ಹೋದ. ಹುಲ್ಲಿನ ಲಾರಿಯೊಂದು ಹಾರ್ನ್ ಬಡಿದು ಪಕ್ಕಕ್ಕೆ ಸರಿಯಿತು. ಒಂದು ಗೇಟಿನ ಕಂಬಕ್ಕೆ ನಮ್ಮ ಕನ್ನಡಿ ಬಡಿದು ಮಡಚಿಕೊಂಡಿತು. ನನ್ನ ಕಣ್ಣ ಮುಂದೆ ಬರೀ ಮಾರಿಟ್ ಮುಖ. ಅವಳ ಗಲ್ಲದ ಮೇಲೆ ಒಂದು ಮಚ್ಚೆ ಇದೆ, ಅದು ಎಡಗಡೆಯೋ ಬಲಗಡೆಯೋ ಎಂದು ಎಷ್ಟು ಯೋಚಿಸಿದರೂ ಹೊಳೆಯದೆ ಅಳು ಬಂತು.

"ಅಳಬೇಡ್ವೇ" ಎಂದ ಸೆಲ್ಮರ್.

ಪ್ರತಿ ವರ್ಷದ ಜಾಗದಲ್ಲೇ, ಟೆಂಟಿನ ಮುಂದೆ ಮಾರಿಟ್ ಸೌದೆ ಒಡೆಯುತ್ತಿದ್ದಳು. ಮುಖ ಇತ್ತು. ಮಚ್ಚೆ ಎಡಗಡೆ. ಸೆಲ್ಮರ್ ಕುಂಟುತ್ತಲೇ ಓಡಿದ.

"ಹಾರಿಸಿದ್ಯಾ? ನಾನು ಕೊಟ್ಟಿದ್ದನ್ನ ಹಾರಿಸಿದ್ಯಾ?"

"ಇಲ್ಲಪ್ಪ. ಯಾಕೆ, ಏನಾಯ್ತು?"

"ಹಾರಿಸ್ಬೇಡ. ತಪ್ಪಾಗಿದೆ. ಒಂದು ಕಚ್ಚು ಜಾಸ್ತಿ ಹಾಕ್ಬಿಟ್ಟಿದೀನಿ. ಡಬ್ಬಿ ತಾ ಇಲ್ಲಿ."

ಅವಳು ಕೊಡಲಿ ಕೆಳಗಿಟ್ಟಳು. ನನ್ನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು. "ಅದು ಇಲ್ಲಿಲ್ಲ ಅಪ್ಪ. ಮನೇಲಿದೆ" ಎಂದಳು. ಟೆಂಟಿನೊಳಗಿಂದ ಒಂದು ಡಬ್ಬಿ ತಂದಳು. ಅಂಗಡಿಯದು, ಬೆಲೆಯ ಚೀಟಿ ಸಹ ಕಿತ್ತಿರಲಿಲ್ಲ. "ನಾನು ಹಾರಿಸೋದು ಇದನ್ನ. ಮೂರು ವರ್ಷ ಆಯ್ತು."

ಸೆಲ್ಮರ್ ಡಬ್ಬಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

"ಆ ವರ್ಷ ನೀನು ತುಂಬಿದ್ದು ಒಂದು ಹಾರಿಸಿದ ಮೇಲೆ ಕೋವಿ ಬೋಲ್ಟ್ ತೆಗೆಯೋಕೇ ಬರ್ಲಿಲ್ಲ, ಮದ್ದು ಜಾಸ್ತಿಯಾಗಿ ಬಿಗಿದಿತ್ತು. ಮರದ ತುಂಡಲ್ಲಿ ಬಡಿದು ತೆಗೆದೆ. ಅದಕ್ಕೇ ಆ ತಕ್ಕಡಿ ತಂದ್ಕೊಟ್ಟೆ. ನೀನು ಮುಟ್ಲಿಲ್ಲ."

"ಮತ್ತೆ ನೀನು ವಾಪಸ್ ತಂದ್ಕೊಡ್ತಿದ್ದ ಖಾಲಿ ಕೊಳವೆ?"

"ಅದೂ ಅಂಗಡೀದೇ."

"ತಳದಲ್ಲಿ ಬೇರೆ ಕಂಪನಿ ಹೆಸರು ಇರ್ಬೇಕಲ್ಲ."

"ಇತ್ತು ಅಪ್ಪ" ಎಂದಳು ಮೆಲ್ಲಗೆ. "ನೀನು ಓದ್ಲಿಲ್ಲ."

"ಹೋದ ವರ್ಷದ ಎಲ್ಕ್?"

"ಅಂಗಡಿ ತೋಟಾ."

"ಚರ್ಚಲ್ಲಿ ಎಲ್ಲರ ಮುಂದೆ ಹೇಳಿದ್ನಲ್ಲೇ."

"ನಾನೂ ಪಕ್ಕದಲ್ಲೇ ನಿಂತು ಹೌದು ಅಂದ್ನಲ್ಲ."

ನನಗೆ ರೇಗಿಹೋಯಿತು. "ಅಲ್ವೇ, ಒಬ್ಬರೂ ಹಾರಿಸದ ತೋಟಾಕ್ಕೆ ನಾನು ಮೂರು ವರ್ಷ ಚಳಿಯಲ್ಲಿ ಸತ್ತಿದ್ದಾ? ನನಗಾದ್ರೂ ಒಂದು ಮಾತು ಹೇಳಕ್ಕೇನಾಗಿತ್ತು ನಿಂಗೆ?"

"ನಿನಗೆ ಹೇಳಿದ್ರೆ ನೀನು ಅವತ್ತೇ ಅಪ್ಪನಿಗೆ ಹೇಳ್ತಿದ್ದೆ."

ಅದು ನಿಜ, ಆದ್ದರಿಂದ ಇನ್ನೂ ರೇಗಿತು. ಆದರೂ ಅವಳನ್ನು ಬಾಚಿ ತಬ್ಬಿಕೊಂಡೆ. ಮೈಯೆಲ್ಲ ಸೌದೆ ಹೊಟ್ಟು.

ಸೆಲ್ಮರ್ ಸೌದೆ ಕೊರಡಿನ ಮೇಲೆ ಕೂತ. "ನಾನು ತುಂಬಿದ್ದೆಲ್ಲ ಏನ್ಮಾಡ್ದೆ?" ಎಂದ.

"ಕಪಾಟಲ್ಲಿ ಇಟ್ಟಿದೀನಿ. ಎಸೆಯೋಕೆ ಮನಸ್ಸು ಬರ್ಲಿಲ್ಲ."

ಅವನು ತಲೆಯಾಡಿಸಿದ. ಆಮೇಲೆ ನೆಲ ನೋಡುತ್ತ, ಹವಾಮಾನದ ಸುದ್ದಿ ಹೇಳುವಂತೆ ಹೇಳಿದ: "ನಡೂ ಮಧ್ಯದಲ್ಲಿ ಕಾಣಿಸಲ್ಲ ಕಣ್ರೇ. ಸುತ್ತ ಕಾಣುತ್ತೆ. ಏನನ್ನ ನೋಡ್ತೀನೋ ಅದೇ ಇರಲ್ಲ."

ಮಾರಿಟ್ ಅವನ ಪಕ್ಕ ಕೂತು ಅವನ ಟೋಪಿ ಸರಿಮಾಡಿದಳು. ಅಷ್ಟರಲ್ಲಿ ಅವಳ ಕಣ್ಣು ಪಿಕಪ್ಪಿನ ಮಡಚಿದ ಕನ್ನಡಿಯ ಮೇಲೆ ಬಿತ್ತು.

"ಅಮ್ಮ" ಎಂದಳು. "ಗಾಡಿ ಓಡಿಸ್ಕೊಂಡು ಬಂದಿದ್ದು ಯಾರು?"

ನಾನು ಸೆಲ್ಮರ್ ಕಡೆ ನೋಡಿದೆ. ಹುಲ್ಲಿನ ಲಾರಿಯ ಹಾರ್ನ್ ಆಗ ನನ್ನ ಕಿವಿಗೆ ಸರಿಯಾಗಿ ಕೇಳಿಸಿತು.

ಸೆಲ್ಮರ್ ಕಷ್ಟಪಟ್ಟು ಎದ್ದ. ಜೇಬಿನಿಂದ ಕೀ ತೆಗೆದು, ನನ್ನನ್ನೇ ನೇರವಾಗಿ ನೋಡುತ್ತ ಕೈ ಚಾಚಿದ. "ತಗೋ, ವಾಪಸ್ ನೀನೇ ಓಡಿಸು" ಎಂದ.

ಚಾಚಿದ ಕೈ ನನ್ನಿಂದ ಒಂದು ಮೊಳ ಬಲಕ್ಕಿತ್ತು. ನಾನು ಸದ್ದಾಗದಂತೆ ಪಕ್ಕಕ್ಕೆ ಸರಿದು, ಆ ಕೈಯ ಎದುರಿಗೆ ನಿಂತು ಕೀ ತೆಗೆದುಕೊಂಡೆ.